ಸತ್ತವರ ಲೆಕ್ಕ: ಇತ್ತೀಚಿನ ಕನ್ನಡ ಭಯಾನಕ ಮತ್ತು ಸಾಹಸ ಚಿತ್ರಗಳ ಗುಣದೋಷ

'ಭೂತ' ಎಂಬ ಶಬ್ದಕ್ಕೆ ಕನ್ನಡದಲ್ಲಿ ಸತ್ತೂ ತೊಲಗದ ಜೀವವೆಂದೂ ಕಳೆದುಹೋದ ಕಾಲವೆಂದೂ ಅರ್ಥವುಂಟು. ಬಂಗಾಳಿಯಲ್ಲಿಯೂ ಹಾಗೆಯೇ. ಕೊಲ್ಕತ್ತದಲ್ಲಿದ್ದು ಕನ್ನಡ ಚಿತ್ರಗಳನ್ನು ನೋಡುವ ನಮಗೆ ಈ ಸಾಮ್ಯವು ಮತ್ತೆ ಮತ್ತೆ ನೆನಪಾಗುತ್ತದೆ. ಅನೀಕ್ ದತ್ತರ 'ಭೂತೇರ್ ಭವಿಷ್ಯತ್' (2012) ಈ ಶ್ಲೇಷೆಯ ಮೇಲೆಯೇ ನಿಂತ ಬಂಗಾಳಿ ಚಿತ್ರ. ಹಳೆಯ ಬಂಗಲೆಯೊಂದರಲ್ಲಿ ನೆಲೆಸಿದ ಬೇರೆ ಬೇರೆ ಕಾಲದ ದೆವ್ವಗಳು ಅದನ್ನು ಕೆಡವಬಂದವರನ್ನು ಎದುರಿಸುತ್ತವೆ. ಅಲ್ಲಿ ಪ್ರತಿಯೊಂದು ದೆವ್ವಕ್ಕೂ ಒಂದು ಚರಿತ್ರೆಯಿದೆ. ಇದೇ ಮಾನದಂಡದಿಂದ ಕಳೆದ ದಶಕದ ಕೆಲವು ಕನ್ನಡ ಚಿತ್ರಗಳನ್ನು ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ. ಕಥೆಯು ಸತ್ತವರ ಲೆಕ್ಕವನ್ನು ಇಡುತ್ತದೆಯೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಭಯಾನಕ ಚಿತ್ರಗಳಲ್ಲಿ ಉತ್ತಮವಾದವು ಈ ಪ್ರಶ್ನೆಗೆ ಸಮರ್ಪಕವಾಗಿ ಉತ್ತರಿಸುತ್ತವೆ. ಪವನ್ ಕುಮಾರರ 'ಯು-ಟರ್ನ್' (2016) ಚಿತ್ರದಲ್ಲಿ ಬೆಂಗಳೂರಿನ ಮೇಲ್ಸೇತುವೆಯ ಮೇಲೆ ವಿಭಜಕದ ಕಲ್ಲನ್ನು ಸರಿಸಿ ವಾಹನ ತಿರುಗಿಸುವವರ ಅಲ್ಪ ಅಪರಾಧವು ಸಾವಿಗೆ ಕಾರಣವಾಗುತ್ತದೆ. ಹಿಟ್ಟಿನ ಕೋಳಿಯನ್ನು ಕೊಂದ ಪಾಪವೂ ಜನ್ಮಾಂತರಗಳಲ್ಲಿ ಬೆನ್ನಟ್ಟುವ ಜನ್ನನ 'ಯಶೋಧರ ಚರಿತೆ'ಯನ್ನು ಓದಿದವರಿಗೆ ಈ ತರ್ಕ ಅಪರಿಚಿತವಲ್ಲ. ಜೆ. ಪಿ. ತುಮಿನಾಡರ 'ಸು ಫ್ರಮ್ ಸೋ' (2025) ಚಿತ್ರದಲ್ಲಿ ದೆವ್ವವೇ ಸುಳ್ಳು. ಆದರೆ ಊರನ್ನೆಲ್ಲ ನಗಿಸುವ ಆ ಸುಳ್ಳಿನ ಹಿಂದೆ, ಸತ್ತ ಹೆಂಗಸಿನ ಬದುಕಿರುವ ಮಗಳ ನಿಜವಾದ ಭಯವಿದೆ. ಇವೆರಡರಲ್ಲಿಯೂ ಭಯಕ್ಕೆ ಆಲಂಬನವುಂಟು. ಇವನ್ನು ಅನುಕರಿಸುವ ಸಾಮಾನ್ಯ ಚಿತ್ರಗಳಲ್ಲಾದರೋ ಉಳಿಯುವುದು ಉದ್ದೀಪನ ಮಾತ್ರ: ಕತ್ತಲೆ, ಕಿರುಬಾಗಿಲು, ಹಠಾತ್ತನೆ ಎರಗುವ ಸದ್ದು. ಬೆಚ್ಚಿಬೀಳುವುದು ದೇಹದ ಕ್ರಿಯೆ. ಅದು ಭಯಾನಕ ರಸವಲ್ಲ.

ಸಾಹಸ ಚಿತ್ರಗಳಲ್ಲಿ ಕೊರತೆ ಇನ್ನೂ ಸ್ಪಷ್ಟ. ಪ್ರಶಾಂತ್ ನೀಲರ 'ಕೆಜಿಎಫ್' ಚಿತ್ರದ ಎರಡು ಭಾಗಗಳ (2018, 2022) ಶಕ್ತಿಯನ್ನು ಅಲ್ಲಗಳೆಯುವಂತಿಲ್ಲ. ಭುವನ್ ಗೌಡರ ಛಾಯಾಗ್ರಹಣ, ರವಿ ಬಸ್ರೂರರ ಸಂಗೀತ, ಮಸಿಹಿಡಿದಂಥ ಬಣ್ಣಗಳ ಸಂಯೋಜನೆ ಕನ್ನಡ ಚಿತ್ರರಂಗಕ್ಕೆ ಹೊಸ ಆತ್ಮವಿಶ್ವಾಸವನ್ನು ತಂದವು. ಆದರೆ ನರಾಚಿಯ ಗಣಿಯಲ್ಲಿ ಬೀಳುವ ಹೆಣಗಳಿಗೆ ಬಹುಮಟ್ಟಿಗೆ ಹೆಸರಿಲ್ಲ. ಚಿತ್ರೀಕರಣ ನಡೆದ ಸಯನೈಡ್ ದಿಬ್ಬಗಳ ಸನಿಹದ ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಅಲ್ಲಿ ಬಂಡೆ ಸಿಡಿದು, ಧೂಳಿನಿಂದ ಶ್ವಾಸಕೋಶ ಕೆಟ್ಟು ಸತ್ತ ನಿಜವಾದ ಕಾರ್ಮಿಕರ ನೆರಳು ಕೂಡ ಕಥೆಯ ಮೇಲೆ ಬೀಳುವುದಿಲ್ಲ.

ಕಥೆಯನ್ನು ಲೇಖಕನೊಬ್ಬನ ಬಾಯಿಂದ ಹೇಳಿಸಿರುವುದರಿಂದ ಇದು ನಾಯಕಪ್ರಶಸ್ತಿ, ಇಲ್ಲಿ ಶೋಕಕ್ಕೆ ಎಡೆಯಿಲ್ಲ ಎಂದು ಸಮರ್ಥಿಸಬಹುದು. ನಾವು ಒಪ್ಪಲಾರೆವು. ರನ್ನನೂ ಪ್ರಶಸ್ತಿಕಾರನೇ, ತನ್ನ ಆಶ್ರಯದಾತ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ 'ಗದಾಯುದ್ಧ'ವನ್ನು ಬರೆದವನು. ಆದರೂ ಕಾಳಗಕ್ಕೆ ಮುನ್ನ ಅವನು ದುರ್ಯೋಧನನನ್ನು ರಣರಂಗದ ಹೆಣಗಳ ನಡುವೆ ನಡೆಸುತ್ತಾನೆ. ದ್ರೋಣ, ದುಶ್ಶಾಸನ, ಕರ್ಣರ ಮುಂದೆ ಆತ ನಿಲ್ಲುತ್ತಾನೆ. ಹಗೆಯ ಮಗನಾದ ಅಭಿಮನ್ಯುವನ್ನೂ ಮೆಚ್ಚಿ ಮಾತನಾಡುತ್ತಾನೆ. ಆ ನಡಿಗೆಯಿಲ್ಲದಿದ್ದರೆ ಮುಂದಿನ ಗದೆಯ ಹೊಡೆತಕ್ಕೆ ತೂಕವೇ ಇರುತ್ತಿರಲಿಲ್ಲ. ನಮ್ಮ ಸಾಹಸ ಚಿತ್ರಗಳಲ್ಲಿ ಇಲ್ಲದಿರುವುದು ಈ ನಡಿಗೆಯೇ.

ರಿಷಬ್ ಶೆಟ್ಟರ 'ಕಾಂತಾರ' (2022) ಎರಡು ಪ್ರಕಾರಗಳನ್ನೂ ಬೆಸೆದದ್ದರಿಂದ ಇಲ್ಲಿ ವಿಶೇಷವಾಗಿ ಗಮನಾರ್ಹ. 1847ರಲ್ಲಿ ಅರಸನು ಕೊಟ್ಟ ಭೂಮಿಯ ಮಾತು 1970ರಲ್ಲಿಯೂ 1990ರಲ್ಲಿಯೂ ಮರಳಿ ಬಂದು ಲೆಕ್ಕ ಕೇಳುತ್ತದೆ. ಭೂತವೂ ಭೂತಕಾಲವೂ ಇಲ್ಲಿ ಒಂದೇ ಆಗುತ್ತವೆ. ಕೋಲ ಕಟ್ಟುವ ಗುರುವನ ಕೊಲೆ ಲೆಕ್ಕಕ್ಕೆ ಸಿಗದ ಸಾವಲ್ಲ. ಕೊನೆಯ ಹೊಡೆದಾಟಕ್ಕೆ ಅದೇ ಬೀಜ. ಆದಕಾರಣವೇ ಅಲ್ಲಿನ ರೌದ್ರ ನಮಗೆ ನಿಜವೆನಿಸುತ್ತದೆ. ದೋಷಗಳೂ ಇವೆ. ಅರಣ್ಯ ಇಲಾಖೆಯ ಕೆಲಸಕ್ಕೂ ತನ್ನ ಊರಿಗೂ ನಡುವೆ ಸಿಕ್ಕಿಬಿದ್ದ ಲೀಲಾಳ ಸಂಕಟವೇ ಕಥೆಯ ತಿರುಳಿಗೆ ಹತ್ತಿರವಾದದ್ದು. ಚಿತ್ರವು ಅದನ್ನು ಬೆಳೆಸದೆ, ಅವಳ ಸಮ್ಮತಿಯನ್ನು ಲೆಕ್ಕಿಸದ ಚೇಷ್ಟೆಯನ್ನು ಪ್ರಣಯವೆಂದು ತೋರಿಸುತ್ತದೆ. 2025ರ 'ಕಾಂತಾರ: ಚಾಪ್ಟರ್ 1' ಕದಂಬರ ಕಾಲಕ್ಕೆ ಹಿಂದಿರುಗಿ ವೈಭವವನ್ನು ಹಿಗ್ಗಿಸಿತು. ಅದ್ಭುತ ಹೆಚ್ಚಿದಷ್ಟೂ ಊರಿನ ಸಣ್ಣ ಮುಖಗಳು ಮಸುಕಾದವೆಂಬುದು ನಮ್ಮ ಅನಿಸಿಕೆ.

'ಕಾಂತಾರ'ದ ನಾಯಕನಟನಿಗೂ 'ಕೆಜಿಎಫ್' ಎರಡನೆಯ ಭಾಗಕ್ಕೂ 2024ರಲ್ಲಿ ಘೋಷಿತವಾದ 70ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಮನ್ನಣೆ ದೊರೆಯಿತು. ತಂತ್ರಕುಶಲತೆಯಲ್ಲಿ ಕನ್ನಡ ಚಿತ್ರ ಇಂದು ಯಾರಿಗೂ ಕಡಿಮೆಯಿಲ್ಲ. ಆದರೆ ಹತ್ತನೆಯ ಶತಮಾನದ ಕವಿಯೊಬ್ಬ ಆಸ್ಥಾನದಲ್ಲಿದ್ದೂ ಮರೆಯದೆ ಸಲ್ಲಿಸಿದ ಋಣವೊಂದು ಅದರ ಮೇಲೆ ಇನ್ನೂ ಉಳಿದಿದೆ. ಗೆದ್ದವನ ಜಯಘೋಷದ ನಡುವೆ ಬಿದ್ದವನ ಬಳಿ ಒಂದು ಗಳಿಗೆ ನಿಲ್ಲುವುದೇ ಆ ಋಣ.