ಮೊಮ್ಮಗಳ ಕೈಗೆ ಮೊದಲ ದುರ್ಬೀನು

ಹಳಿಯಾಳ ಕಡೆಯ ಓದುಗರೊಬ್ಬರ ಪತ್ರಕ್ಕೆ ಈ ವಾರವಾದರೂ ಉತ್ತರ ಕೊಡಲೇಬೇಕು. ಅವರ ಮನೆಯಲ್ಲಿ ಅಜ್ಜನ ಕಾಲದ ಜೋಡುನಳಿಗೆ ಕೋವಿ ಇದೆ. ಜಿಂಕೆ, ಕಾಡುಹಂದಿ ಹೊಡೆದ ಕಥೆಗಳು ಆ ಮನೆಯ ಜಗಲಿಯಲ್ಲಿ ಇನ್ನೂ ನಡೆಯುತ್ತವೆ. ಕೋವಿ ಮಾತ್ರ ಈಗ ಬೆಳೆ ರಕ್ಷಣೆಯ ಲೈಸೆನ್ಸಿನ ಮೇಲೆ ಉಳಿದಿದೆ, ಚುನಾವಣೆ ಬಂದಾಗಲೆಲ್ಲ ಪೊಲೀಸ್ ಠಾಣೆಗೆ ಹೋಗಿ ಬರುತ್ತದೆ. ಆ ಕಥೆಗಳನ್ನೆಲ್ಲ ಕೇಳಿದ ಎಂಟು ವರ್ಷದ ಮೊಮ್ಮಗಳು, ‘ಅಜ್ಜಾ, ಕಾಡಿಗೆ ಒಯ್ಯಾಕ ನನಗೂ ಏನಾರ ಕೊಡ್ಸು’ ಅಂದಿದ್ದಾಳೆ. ಏರ್‌ಗನ್ ಕೊಡಿಸಲೇ, ದುರ್ಬೀನು ಕೊಡಿಸಲೇ, ದುರ್ಬೀನಾದರೆ ಯಾವುದು ಎಂಬುದು ಅವರ ಪ್ರಶ್ನೆ.

ಮೊದಲರ್ಧಕ್ಕೆ ಉತ್ತರ ಚಿಕ್ಕದು. ಜಿಂಕೆ ಬೇಟೆಯ ಕಾಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಮುಗಿಯಿತು. ಬಂದೂಕಿನ ಲೈಸೆನ್ಸಿಗೆ 21 ವರ್ಷ ತುಂಬಿರಬೇಕು. ಕಡಿಮೆ ಶಕ್ತಿಯ ಏರ್‌ಗನ್ನಿಗೆ ಲೈಸೆನ್ಸು ಬೇಡ, ನಿಜ. ಆದರೆ ಅದು ಗುರಿಹಲಗೆಗೆ ಮೀಸಲಾದ ವಸ್ತು, ಹಕ್ಕಿಯ ಮೇಲೆ ಹಾರಿಸಿದರೆ ಅಪರಾಧ. ಹಿತ್ತಿಲ ಮಾವಿನ ಕೊಂಬೆಯಲ್ಲಿ ಪಿಕಳಾರ ಕೂತಿರುವಾಗ ಎಂಟು ವರ್ಷದ ಮಗು ಹಲಗೆಯನ್ನೇ ನೋಡುತ್ತಾ ನಿಲ್ಲುತ್ತದೆ ಎಂದು ನಂಬಲು ನಾನು ತಯಾರಿಲ್ಲ. ಏರ್‌ಗನ್ ಬೇಡ.

ಹಾಗಂತ ಬೇಟೆಗಾರರ ಒಂದು ವಿವೇಕವನ್ನು ಬಿಡುವುದೂ ಬೇಡ. ಜಿಂಕೆ ಬೇಟೆ ಇಂದಿಗೂ ಕಾನೂನಿನೊಳಗೇ ನಡೆಯುವ ಅಮೆರಿಕದಲ್ಲಿ ಮಗುವಿಗೆ ಮೊದಲ ಬಂದೂಕು ಆರಿಸುವ ಅಪ್ಪಂದಿರು ಸದ್ದಿನ ದೊಡ್ಡ ರೈಫಲ್ಲನ್ನು ಮುಟ್ಟುವುದಿಲ್ಲ. .243ರಂಥ ಹಗುರ ತೋಟೆ, ಇಲ್ಲವೇ 20 ಗೇಜ್, ಮಗುವಿನ ತೋಳಿಗೆ ಸರಿಯಾಗಿ ಗಿಡ್ಡಗೊಳಿಸಿದ ಮರದ ಹಿಡಿ: ಅವರು ನೋಡುವುದು ಇಷ್ಟನ್ನು. ಒಮ್ಮೆ ಹೆಗಲಿಗೆ ಜೋರಾಗಿ ಒದ್ದ ಬಂದೂಕನ್ನು ಮಗು ಮುಂದೆ ಕಣ್ಣು ಮುಚ್ಚಿಕೊಂಡೇ ಹಾರಿಸುತ್ತದೆ ಎಂದು ಅವರಿಗೆ ಗೊತ್ತು. ಶಕ್ತಿಗಿಂತ ಅಳತೆ ಮೊದಲು. ಈ ಅಂಕಣದಲ್ಲಿ ನಾನು ಹೇಳುತ್ತಾ ಬಂದದ್ದೂ ಇದನ್ನೇ, ದುರ್ಬೀನಿಗೂ ಬೇರೆ ಸೂತ್ರವಿಲ್ಲ.

8×42 ಎಂದರೆ ಏನು ಎಂದು ಇಲ್ಲಿಯ ಓದುಗರಿಗೆ ಮತ್ತೆ ಬಿಡಿಸಿ ಹೇಳಬೇಕಿಲ್ಲ. ಮಗುವಿನ ವಿಷಯದಲ್ಲಿ ಮಾತ್ರ ಲೆಕ್ಕ ಬೇರೆಯಾಗುತ್ತದೆ. ಮೊದಲನೆಯದು ಎರಡು ಕಣ್ಣುಗಳ ನಡುವಿನ ಅಂತರ. ದೊಡ್ಡವರಲ್ಲಿ ಅದು ಸರಾಸರಿ 63 ಮಿ.ಮೀ.; ಎಂಟರ ಮಗುವಿನಲ್ಲಿ 55ರ ಆಸುಪಾಸು. ಹಲವು ದುರ್ಬೀನುಗಳು 56ಕ್ಕಿಂತ ಒಳಗೆ ಮಡಚುವುದೇ ಇಲ್ಲ. ಅಂಥದ್ದನ್ನು ಕೊಟ್ಟರೆ ಮಗು ಒಂದೇ ಕಣ್ಣಲ್ಲಿ ನೋಡುತ್ತದೆ, ‘ಕಂಡಿತು’ ಎಂದು ನಮ್ಮ ಸಮಾಧಾನಕ್ಕೆ ಹೇಳಿ ಕೆಳಗಿಡುತ್ತದೆ. ಆದ್ದರಿಂದ ಮಗುವನ್ನು ಅಂಗಡಿಗೆ ಕರೆದುಕೊಂಡು ಹೋಗಿ. ದುರ್ಬೀನನ್ನು ಪೂರ್ತಿ ಮಡಚಿ ಕೊಟ್ಟು, ನಿಧಾನವಾಗಿ ಅಗಲಿಸಲು ಹೇಳಿ. ಎರಡು ವೃತ್ತಗಳು ಕೂಡಿ ಒಂದಾಗಿ, ಅಂಚಿನ ಕಪ್ಪು ನೆರಳು ಹೋಗಬೇಕು. ಹೋಗದಿದ್ದರೆ ಎಷ್ಟು ದೊಡ್ಡ ಹೆಸರಿನ ಕಂಪನಿಯದಾದರೂ ವಾಪಸ್ ಕೊಟ್ಟುಬಿಡಿ.

ಎರಡನೆಯದು ತೂಕ. ನಮ್ಮಲ್ಲಿ ಬಹಳ ಜನ ಹಕ್ಕಿ ನೋಡಲು ಶುರುಮಾಡಿದ್ದು ಒಲಿಂಪಸ್ಸಿನ 8×40ರಲ್ಲಿ. ಒಳ್ಳೆಯ ದುರ್ಬೀನು, ಆದರೆ ಮುಕ್ಕಾಲು ಕೆ.ಜಿ.ಯ ಹತ್ತಿರ ಬರುತ್ತದೆ. 10×50 ಇನ್ನೂ ಭಾರ. ಎಳೆಯ ಕತ್ತಿಗೆ ಅರ್ಧ ಕೆ.ಜಿ. ಮಿತಿ. ಮೂರನೆಯದು ನಡುಕ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನು ಕೈನಡುಕವನ್ನೂ ಹತ್ತು ಪಟ್ಟು ಮಾಡುತ್ತದೆ, ಕಾಣುವ ಜಾಗವನ್ನೂ ಕಿರಿದಾಗಿಸುತ್ತದೆ. ಮಗುವಿಗೆ ಕಷ್ಟವಾಗುವುದು ಹಕ್ಕಿಯನ್ನು ದೊಡ್ಡದಾಗಿ ನೋಡುವುದಲ್ಲ, ಅದು ಎಲ್ಲಿದೆ ಎಂದು ಗಾಜಿನೊಳಗೆ ಹುಡುಕುವುದು. 6×30 ಇಲ್ಲಿ ಗೆಲ್ಲುತ್ತದೆ: ಅಗಲ ನೋಟ, ನಿಂತ ಚಿತ್ರ, ಕಣ್ಣಿಗೆ ಬರುವ ಬೆಳಕಿನ ವೃತ್ತ ತುಂಬಿದ 5 ಮಿ.ಮೀ. ಸಿಕ್ಕದಿದ್ದರೆ 8×30. ಅದೇ ದುಡ್ಡಿಗೆ ನೇರ ಕೊಳವೆಯ ರೂಫ್ ಪ್ರಿಸಂ ಸೊಗಸಾಗಿ ಕಂಡರೂ, ಕಡಿಮೆ ಬೆಲೆಯಲ್ಲಿ ಹಳೆಯ ಮಾದರಿಯ ಪೊರೊ ಪ್ರಿಸಮ್ಮೇ ಚೆನ್ನಾಗಿ ತೋರಿಸುತ್ತದೆ. ಜಾತ್ರೆಯ ಪ್ಲಾಸ್ಟಿಕ್ಕಿನದು, ಕೆಂಪಗೆ ಹೊಳೆಯುವ ಗಾಜಿನದು, ಜೂಮ್ ತಿರುಗಿಸುವಂಥದ್ದು, ಈ ಮೂರನ್ನೂ ಮುಟ್ಟಬೇಡಿ.

ಇಷ್ಟು ಹೇಳಿದ ಮೇಲೆ ಒಂದು ಪಂಥದವರು ಕೈ ಎತ್ತುತ್ತಾರೆ ಎಂದು ಬಲ್ಲೆ. ‘ದುರ್ಬೀನು ಯಾಕೆ? ನೇರ ಕ್ಯಾಮೆರಾನೇ ಕೊಡಿಸಿ. ನೋಡಿದ್ದು ದಾಖಲೆಯಾಗುತ್ತದೆ, ಹೆಸರು ಆಮೇಲೆ ಹುಡುಕಬಹುದು.’ ಈ ವಾದದೊಂದಿಗೆ ನನ್ನ ಜಗಳ ಹಳೆಯದು, ಇವತ್ತೂ ಬಿಡುವುದಿಲ್ಲ. ಕ್ಯಾಮೆರಾ ಹಿಡಿದ ಮಗು ಹಕ್ಕಿ ಕೂತ ಮೊದಲ ಗಳಿಗೆಯಲ್ಲಿ ಗುಂಡಿ ಒತ್ತುತ್ತದೆ, ಎರಡನೆಯ ಗಳಿಗೆಯಲ್ಲಿ ತಲೆ ತಗ್ಗಿಸಿ ಪರದೆ ನೋಡುತ್ತದೆ. ಹಕ್ಕಿ ಮೀನು ಹಿಡಿದದ್ದು, ಮೀನನ್ನು ಕೊಂಬೆಗೆ ಬಡಿದದ್ದು, ತಲೆ ಮುಂದಾಗಿ ನುಂಗಿದ್ದು ಎಲ್ಲ ಆ ತಲೆ ತಗ್ಗಿದ ಹೊತ್ತಿನಲ್ಲೇ ಆಗಿಹೋಗುತ್ತದೆ. ದೊಡ್ಡವರಲ್ಲಿ ಈ ಚಾಳಿ ಎಲ್ಲಿಗೆ ಮುಟ್ಟಿದೆ ಎಂದು ನೋಡಿದ್ದೇವೆ: ಗೂಡಿನ ಹತ್ತಿರಕ್ಕೆ ನುಗ್ಗುವುದು, ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಎಳೆದು ತರುವುದು, ಚಿತ್ರ ಸಿಕ್ಕ ಕೂಡಲೇ ಹಕ್ಕಿಗೆ ಬೆನ್ನು ಹಾಕುವುದು. ಹೊಡೆದು ಚೀಲಕ್ಕೆ ಹಾಕುವ ಬೇಟೆಯ ಆಸೆಯೇ ಇದು, ಗುಂಡು ಮಾತ್ರ ಇಲ್ಲ. ನೋಡುವುದು ರೂಢಿಯಾದ ಮೇಲೆ ಕ್ಯಾಮೆರಾ ಬರಲಿ, ಬೇಡವೆನ್ನುವುದಿಲ್ಲ. ಮೊದಲು ಕಣ್ಣು ಬೆಳೆಯಲಿ.

ಇಲ್ಲಿಂದ ಮುಂದೆ ಮಾದರಿಗಳ ಹೆಸರು, ಬೆಲೆ ಬರೆಯಬೇಕೆಂದಿದ್ದೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ಪತ್ರ ಬರೆದವರು ಕೇಳಿಯೇ ಇಲ್ಲ: ಆ ದುರ್ಬೀನನ್ನು ಮೊದಲು ಎಲ್ಲಿಗೆ ತಿರುಗಿಸಬೇಕು? ಹಳಿಯಾಳದವರಿಗೆ ದಾಂಡೇಲಿ, ಜೋಯಿಡಾ ಕಾಡು ಹತ್ತಿರ. ಮಂಗಟ್ಟೆ, ಕಾಕರಣೆ ಹಕ್ಕಿಗಳನ್ನು ತೋರಿಸುವ ಆಸೆಯಾಗುವುದು ಸಹಜ. ಆದರೆ ದಟ್ಟ ಕಾಡಿನ ನೆತ್ತಿಯಲ್ಲಿ, ಎಲೆಗಳ ಸಂದಿಯಲ್ಲಿ, ಬೆಳಕಿಗೆ ಎದುರಾಗಿ ಕೂತ ಹಕ್ಕಿಯನ್ನು ಹಿಡಿಯುವುದು ಪಳಗಿದವರಿಗೇ ಕಷ್ಟ. ಮಗು ಅರ್ಧ ಗಂಟೆ ಎಲೆಗಳನ್ನು ನೋಡಿ ಸೋಲೊಪ್ಪುತ್ತದೆ.

ಮೊದಲ ಪಾಠ ಅತ್ತಿವೇರಿಯಲ್ಲಾಗಲಿ. ಮುಂಡಗೋಡದಿಂದ 15 ಕಿ.ಮೀ. ದೂರದ ಈ ಜಲಾಶಯ ಮತ್ತು ಸುತ್ತಲಿನ ಕಾಡು ಸೇರಿ ಪಕ್ಷಿಧಾಮದ ವಿಸ್ತೀರ್ಣ 2.23 ಚದರ ಕಿ.ಮೀ. ಅಷ್ಟೆ. ಆದರೆ ಮಗುವಿಗೆ ಬೇಕಾದ್ದೆಲ್ಲ ಇಲ್ಲಿದೆ: ತೆರೆದ ನೀರು, ನಡುವೆ ನಡುಗಡ್ಡೆ, ಅದರ ಮೇಲೆ ದೊಡ್ಡ ಹಕ್ಕಿಗಳು, ಅವೂ ಗಂಟೆಗಟ್ಟಲೆ ಕದಲದೆ ಕೂರುವಂಥವು. ಚಮಚದ ಕೊಕ್ಕು ಇಲ್ಲಿಯ ಹೆಸರುವಾಸಿ ಹಕ್ಕಿ. ಬರಿಗಣ್ಣಿಗೆ ಅದು ಬೆಳ್ಳಕ್ಕಿಯಂತೆಯೇ ಒಂದು ಬಿಳಿ ಚುಕ್ಕೆ. ದುರ್ಬೀನು ಎತ್ತಿದ ಕೂಡಲೇ ತುದಿ ಅಗಲಿಸಿದ ಕಪ್ಪು ಕೊಕ್ಕು ಕಾಣುತ್ತದೆ, ಆಳವಿಲ್ಲದ ನೀರಿನಲ್ಲಿ ಅದನ್ನು ಅರೆತೆರೆದು ಎಡಕ್ಕೂ ಬಲಕ್ಕೂ ಬೀಸುತ್ತಾ ನಡೆಯುವುದು ಕಾಣುತ್ತದೆ. ದುರ್ಬೀನು ಯಾಕೆ ಬೇಕು ಎಂಬುದಕ್ಕೆ ಮಗುವಿಗೆ ಬೇರೆ ವಿವರಣೆ ಬೇಡ. ಪಕ್ಕದಲ್ಲಿ ಬಾಯ್ಕಳಕ ಇದ್ದರೆ ಅದರ ಎರಡು ತುಟಿಗಳ ನಡುವಿನ ಸಂದಿ ತೋರಿಸಿ. ಈ ಕೊಕ್ಕಿನಿಂದ ಅದು ಬಸವನಹುಳುವಿನ ಮಾಂಸ ತೆಗೆದು ತಿನ್ನುತ್ತದೆ. ಸಂದಿಯಿಲ್ಲದ್ದು ಕಂಡರೆ ಅದು ಮರಿ, ವಯಸ್ಸಾದಂತೆ ಸಂದಿ ಬೀಳುತ್ತದೆ. ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಾ ಕೂತಿರುತ್ತದೆ, ಫೋಕಸ್ ಚಕ್ರ ತಿರುಗಿಸಿ ಕಲಿಯುವಷ್ಟು ಹೊತ್ತು ಕೂತಿರುತ್ತದೆ. ಕಲಿಸುವ ಕ್ರಮ ಒಂದೇ: ಮೊದಲು ಬರಿಗಣ್ಣಲ್ಲಿ ಹಕ್ಕಿ ಹಿಡಿಯಬೇಕು, ದೃಷ್ಟಿ ಕದಲಿಸದೆ ದುರ್ಬೀನನ್ನು ಕಣ್ಣಿಗೆ ತರಬೇಕು. ಸೂರ್ಯನ ಕಡೆ ಮಾತ್ರ ಎಂದೂ ತಿರುಗಿಸಬಾರದು. ಇದನ್ನು ಮನೆ ಬಿಡುವ ಮೊದಲೇ ಹೇಳಿ, ದಡದಲ್ಲಿ ಮತ್ತೊಮ್ಮೆ ಹೇಳಿ.

ಕೋವಿಯ ಮನೆಯವರಿಗೆ ಸಲೀಂ ಅಲಿಯವರ ಆತ್ಮಕಥೆಯ ಒಂದು ಅಧ್ಯಾಯವನ್ನು ನೆನಪಿಸದೆ ಮುಗಿಸಲಾರೆ. 1985ರಲ್ಲಿ ಬಂದ ಆ ಪುಸ್ತಕದ ಹೆಸರಿನಲ್ಲೇ ಒಂದು ಗುಬ್ಬಿ ಬಿದ್ದಿದೆ. ಮುಂಬಯಿಯ ಖೇತ್‌ವಾಡಿಯಲ್ಲಿ ಮಾವನ ಆಶ್ರಯದಲ್ಲಿ ಬೆಳೆಯುತ್ತಿದ್ದ ಹುಡುಗ ಏರ್‌ಗನ್ನಿನಿಂದ ಗುಬ್ಬಿ ಹೊಡೆಯುತ್ತಿದ್ದ. ಒಮ್ಮೆ ಬಿದ್ದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆಯಿತ್ತು. ಇದು ಯಾವುದು ಎಂಬ ಪ್ರಶ್ನೆ ಹುಟ್ಟಿತು. ಮಾವ ಅಮೀರುದ್ದೀನ್ ತ್ಯಾಬ್ಜಿ ಗದರಿಸಲಿಲ್ಲ, ಊಹಿಸಿ ಸುಳ್ಳು ಹೆಸರೂ ಹೇಳಲಿಲ್ಲ. ಪರಿಚಯ ಪತ್ರ ಬರೆದು, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಗೌರವ ಕಾರ್ಯದರ್ಶಿ ಡಬ್ಲ್ಯು.ಎಸ್. ಮಿಲಾರ್ಡ್ ಬಳಿಗೆ ಕಳಿಸಿದರು. ಅದು 1908. ಮಿಲಾರ್ಡ್ ಹಕ್ಕಿಯ ಹೆಸರು ಹೇಳಿದ್ದಲ್ಲದೆ, ಸಂಗ್ರಹದ ಖಾನೆಗಳನ್ನು ತೆರೆದು ಗುಬ್ಬಿಗಳ ಬಗೆಗಳನ್ನು ಒಂದೊಂದಾಗಿ ತೋರಿಸಿದರು, ಓದಲು ಪುಸ್ತಕ ಕೊಟ್ಟರು. ಆ ಪುಸ್ತಕಗಳಲ್ಲಿ ‘ಈಹಾ’ ಎಂದು ಸಹಿ ಹಾಕುತ್ತಿದ್ದ ಇ.ಎಚ್. ಏಟ್ಕನ್‌ರದ್ದೂ ಇತ್ತು.

ಈ ಏಟ್ಕನ್ ನಮ್ಮ ಜಿಲ್ಲೆಗೆ ಹೊರಗಿನವರಲ್ಲ. ಸುಂಕ ಮತ್ತು ಉಪ್ಪಿನ ಇಲಾಖೆಯ ನೌಕರಿಯಲ್ಲಿ ಕಾರವಾರದಲ್ಲಿದ್ದವರು. ಇಲ್ಲಿಯ ಕಲೆಕ್ಟರ್ ಡೇವಿಡ್ಸನ್, ಅರಣ್ಯಾಧಿಕಾರಿ ಟಿ.ಆರ್. ಬೆಲ್ ಜೊತೆ ಸೇರಿ ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ 1890ರ ದಶಕದಲ್ಲೇ ಬರೆದವರು. ಕಾರವಾರದ ಕಾಡನ್ನು ಕಣ್ಣಿಟ್ಟು ನೋಡಿದವರೊಬ್ಬರ ಪುಸ್ತಕ ಮುಂಬಯಿಯ ಹುಡುಗನೊಬ್ಬನ ಕೈಗೆ ಹೋಯಿತು. ಆ ಹುಡುಗ ಮುಂದೆ ದೇಶಕ್ಕೇ ಹಕ್ಕಿ ನೋಡಲು ಕಲಿಸಿದ.

ಸಲೀಂ ಅಲಿಯನ್ನು ಮಾಡಿದ್ದು ಏರ್‌ಗನ್ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಕಾಲದಲ್ಲಿ ಏರ್‌ಗನ್ನಿನಿಂದ ಗುಬ್ಬಿ ಹೊಡೆದ ಹುಡುಗರು ಎಷ್ಟೋ ಮಂದಿ. ಹಳದಿ ಮಚ್ಚೆಯ ಪ್ರಶ್ನೆಗೆ ಸರಿಯಾದ ಬಾಗಿಲು ತೋರಿಸಿದ ಹಿರಿಯರು ಸಿಕ್ಕಿದ್ದು ಕೆಲವರಿಗೆ. ಇವತ್ತು ಆ ಮಚ್ಚೆಯನ್ನು ನೋಡಲು ಗುಬ್ಬಿಯನ್ನು ಕೊಲ್ಲಬೇಕಿಲ್ಲ, ಆರು ಪಟ್ಟಿನ ದುರ್ಬೀನು ಸಾಕು. ಹಿರಿಯರ ಜಾಗವನ್ನು ಮಾತ್ರ ಯಾವ ಉಪಕರಣವೂ ತುಂಬುವುದಿಲ್ಲ.

ಹಾಗಾಗಿ ಹಳಿಯಾಳದ ಅಜ್ಜನವರಿಗೆ ನನ್ನ ತೀರ್ಪು ಇಷ್ಟು. ಮೊಮ್ಮಗಳಿಗೆ 6×30 ಪೊರೊ, ಕಣ್ಣಿನ ಅಳತೆ ನೋಡಿ, ಅರ್ಧ ಕೆ.ಜಿ. ಮೀರದಂತೆ. ಹತ್ತು ದಾಟಿದ ಮಕ್ಕಳಿಗೆ 8×30. ಜೊತೆಗೆ ತೇಜಸ್ವಿಯವರ ‘ಹಕ್ಕಿಪುಕ್ಕ’ ಮತ್ತು ಒಂದು ನೋಟ್‌ಬುಕ್. ನವೆಂಬರ್ ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತಿವೇರಿಗೆ ನೀವೇ ಕರೆದುಕೊಂಡು ಹೋಗಿ, ಡ್ರೈವರ್ ಜೊತೆ ಕಳಿಸಬೇಡಿ. ಜಿಂಕೆಯ ಹೆಜ್ಜೆ ಓದಲು ಬಲ್ಲ ಕಣ್ಣು ನಿಮ್ಮದು. ಆ ವಿದ್ಯೆಯನ್ನು ಕೋವಿಯ ಜೊತೆ ಗೋಡೆಗೆ ನೇತುಹಾಕದೆ ಮಗುವಿಗೆ ಕೊಡಿ.