ಗೆದ್ದೆತ್ತಿನ ಬಾಲ ಹಿಡಿಯದವರು

1981ರ ಕೊನೆಯಲ್ಲಿ ಬಂದ ‘ಆರ್ಕಿಟೆಕ್ಚರ್ ಆಂಡ್ ಮೊರಾಲಿಟಿ’ ಆಲ್ಬಮ್ಮಿನ ಮೂರು ಸಿಂಗಲ್‌ಗಳೂ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಐದರೊಳಗೆ ನುಗ್ಗಿದವು. ಅವುಗಳಲ್ಲಿ ಒಂದಾದ ‘ಮೇಡ್ ಆಫ್ ಓರ್ಲಿಯನ್ಸ್’ ಜರ್ಮನಿಯಲ್ಲಿ ಮೊದಲ ಸ್ಥಾನಕ್ಕೇರಿತು. ಲಿವರ್‌ಪೂಲಿನ ಎದುರುದಡದ ವಿರಲ್ ಪ್ರದೇಶದ ಇಬ್ಬರು ಗೆಳೆಯರು, ಆಂಡಿ ಮೆಕ್‌ಕ್ಲಸ್ಕಿ ಮತ್ತು ಪಾಲ್ ಹಂಫ್ರೀಸ್, 1978ರಲ್ಲಿ ಶುರುಮಾಡಿದ ‘ಆರ್ಕೆಸ್ಟ್ರಲ್ ಮನೂವರ್ಸ್ ಇನ್ ದ ಡಾರ್ಕ್’ (ಓಎಂಡಿ) ತಂಡ ಈ ಆಲ್ಬಮ್ಮಿನಿಂದ ನೋಡನೋಡುತ್ತಿದ್ದಂತೆ ಯುರೋಪಿನ ಮನೆಮಾತಾಯಿತು. ಇಂಥ ಹೊತ್ತಿನಲ್ಲಿ ಯಾರೇ ಆದರೂ ಗೆದ್ದೆತ್ತಿನ ಬಾಲ ಹಿಡಿಯುತ್ತಾರೆ. ಇವರು ಹಿಡಿಯಲಿಲ್ಲ. 1983ರ ಮಾರ್ಚಿನಲ್ಲಿ ಅವರು ಹೊರತಂದ ‘ಡ್ಯಾಜಲ್ ಶಿಪ್ಸ್’ ಐದನೆಯ ಸ್ಥಾನ ಮುಟ್ಟಿದರೂ ಅಲ್ಲಿ ನಿಲ್ಲಲಿಲ್ಲ. ಮೊದಲ ಸಿಂಗಲ್ 20ನೇ ಸ್ಥಾನಕ್ಕೂ ಎರಡನೆಯದು 42ನೇ ಸ್ಥಾನಕ್ಕೂ ಬಂದು ಸುಸ್ತಾದವು. ಮಾರಾಟ ಹಿಂದಿನ ಆಲ್ಬಮ್ಮಿನ ಹತ್ತಿರಕ್ಕೂ ಸುಳಿಯಲಿಲ್ಲ.

ಬಿಡುಗಡೆಯಾದಾಗ ಇದನ್ನು ಆತ್ಮಹತ್ಯೆಯೆಂದು ಕರೆದವರಿದ್ದರು. ಈಗ ಕಾಲಕ್ಕಿಂತ ಮುಂದಿದ್ದ ಮೇರುಕೃತಿ ಎನ್ನುವವರೇ ಹೆಚ್ಚು. ನನಗೆ ಎರಡೂ ಒಪ್ಪಿಗೆಯಿಲ್ಲ. ಈ ಆಲ್ಬಮ್ಮನ್ನು ಕಾಡಿದ ತೊಂದರೆ ಪ್ರಯೋಗ ಹೆಚ್ಚಾದದ್ದಲ್ಲ, ಹೊಸ ಹಾಡು ಕಡಿಮೆಯಾದದ್ದು.

ಸುಮಾರು 35 ನಿಮಿಷದಲ್ಲಿ ಹನ್ನೆರಡು ತುಣುಕುಗಳು. ಮೊದಲನೆಯದು ಹಾಡೇ ಅಲ್ಲ, ಪ್ರಾಗ್ ರೇಡಿಯೋ ಕೇಂದ್ರದ ಗುರುತಿನ ಧ್ವನಿ. ಶೀತಲ ಸಮರ ಬಿಗಿಯಾಗಿದ್ದ ಆ ವರ್ಷ, ಪಾಪ್ ರೆಕಾರ್ಡ್ ಕೊಂಡು ಮನೆಗೆ ಬಂದ ಹುಡುಗನಿಗೆ ಸೂಜಿ ಇಟ್ಟೊಡನೆ ಕೇಳಿಸಿದ್ದು ಕಬ್ಬಿಣದ ಪರದೆಯಾಚೆಯ ಸರ್ಕಾರಿ ಬಾನುಲಿ. ರಾತ್ರಿ ಶಾರ್ಟ್‌ವೇವ್ ತಿರುಗಿಸುತ್ತ ಕೂತವರಿಗೆ ಈ ರೋಮಾಂಚನವನ್ನು ಬಿಡಿಸಿ ಹೇಳಬೇಕಿಲ್ಲ. ಗೊರಗೊರ ಸದ್ದಿನ ನಡುವೆ ಯಾವುದೋ ದೇಶದ ಸಹಿರಾಗ ಒಮ್ಮೆ ತೇಲಿಬಂದು ಮಾಯವಾಗುತ್ತಿತ್ತು. ನಮ್ಮ ಆಕಾಶವಾಣಿಯ ಸಹಿರಾಗವೂ ಪ್ರಾಗ್‌ನಲ್ಲಿ ಓದಿ ಮುಂಬಯಿಗೆ ಬಂದ ವಾಲ್ಟರ್ ಕಾಫ್‌ಮನ್ ಅವರದೆಂದೇ ಪ್ರತೀತಿ. ಎರಡು ಸುರುಳಿ ಸ್ವರಗಳಲ್ಲೇ ಒಂದು ಇಡೀ ದೇಶವನ್ನು ಸೂಚಿಸಬಹುದೆಂಬ ಗುಟ್ಟು ಓಎಂಡಿಗೆ ಚೆನ್ನಾಗಿ ಗೊತ್ತಿತ್ತು.

ಆಲ್ಬಮ್ಮಿನ ಹೆಸರು ಎಲ್ಲಿಂದ ಬಂತೆಂದು ನೋಡಿದರೆ ಅದನ್ನು ಅಳೆಯುವ ಕೋಲೂ ಸಿಗುತ್ತದೆ. ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ನಾರ್ಮನ್ ವಿಲ್ಕಿನ್ಸನ್ ಎಂಬ ಕಲಾವಿದ ಹಡಗುಗಳ ಮೈಗೆ ಅಡ್ಡಾದಿಡ್ಡಿ ಪಟ್ಟೆ ಬಳಿಯುವ ‘ಡ್ಯಾಜಲ್’ ಎಂಬ ಉಪಾಯ ಸೂಚಿಸಿದ. ಹಡಗು ಕಾಣದಂತೆ ಮಾಡುವುದು ಅದರ ಉದ್ದೇಶವಾಗಿರಲಿಲ್ಲ. ಜರ್ಮನಿಯ ಜಲಾಂತರ್ಗಾಮಿಯವನಿಗೆ ಹಡಗು ಯಾವ ಕಡೆ, ಎಷ್ಟು ವೇಗದಲ್ಲಿ ಸಾಗಿದೆಯೆಂದು ಅಂದಾಜು ಸಿಗಬಾರದು, ಅಷ್ಟೆ. ಲಿವರ್‌ಪೂಲಿನಲ್ಲಿ ಈ ಕೆಲಸದ ಉಸ್ತುವಾರಿ ನೋಡಿದ ಎಡ್ವರ್ಡ್ ವಾಡ್ಸ್‌ವರ್ತ್ 1919ರಲ್ಲಿ ಅಂಥದೊಂದು ಹಡಗಿನ ಚಿತ್ರ ಬರೆದ. ಪೀಟರ್ ಸ್ಯಾವಿಲ್ ರೂಪಿಸಿದ ಆಲ್ಬಮ್ಮಿನ ಹೊದಿಕೆಗೆ ಪ್ರೇರಣೆ ಆ ಚಿತ್ರವೇ. ಪಟ್ಟೆಗೆ ಬೆಲೆ ಬರುವುದು ಅದರಡಿ ಸಾಗುವ ಹಡಗಿದ್ದಾಗ. ಹಾಗಾಗಿ ಈ ಆಲ್ಬಮ್ಮಿನ ಪ್ರತಿ ತುಣುಕಿಗೂ ಕೇಳಬೇಕಾದ ಪ್ರಶ್ನೆ ಒಂದೇ: ಸದ್ದಿನ ಕೆಳಗೆ ಹಾಡು ಸಾಗುತ್ತಿದೆಯೇ?

‘ಜೆನೆಟಿಕ್ ಎಂಜಿನಿಯರಿಂಗ್’ನಲ್ಲಿ ಖಂಡಿತ ಸಾಗುತ್ತಿದೆ. ಮಕ್ಕಳಿಗೆ ಕಾಗುಣಿತ ಕಲಿಸುವ ‘ಸ್ಪೀಕ್ ಆಂಡ್ ಸ್ಪೆಲ್’ ಎಂಬ ಆಟಿಕೆ ಇಲ್ಲಿ ಭಾವವಿಲ್ಲದ ದನಿಯಲ್ಲಿ ಒಂದೊಂದೇ ಪದ ಉಚ್ಚರಿಸುತ್ತದೆ. ಅದರ ಪಕ್ಕದಲ್ಲೇ ಮೆಕ್‌ಕ್ಲಸ್ಕಿ ಕೊರಳು ಹರಿಯುವಂತೆ ಹಾಡುತ್ತಾನೆ. ಜೀವವನ್ನು ಪ್ರಯೋಗಶಾಲೆಯಲ್ಲಿ ತಿದ್ದುವ ವಿಷಯವನ್ನು ಒಂದು ಮಕ್ಕಳ ಆಟಿಕೆಯ ಬಾಯಲ್ಲಿ ಹೇಳಿಸಿದ್ದು ಬರೀ ಚಮತ್ಕಾರವಲ್ಲ. ಯಂತ್ರದ ತಣ್ಣನೆಯ ಪದಪಟ್ಟಿಗೂ ಮನುಷ್ಯನ ಬಿಸಿ ಉಸಿರಿಗೂ ನಡುವಿನ ಜಗ್ಗಾಟವೇ ಹಾಡಿನ ಅರ್ಥ. ಆಟಿಕೆಯನ್ನು ತೆಗೆದರೆ ಹಾಡು ಬಡವಾಗುತ್ತದೆ, ಹಾಡನ್ನು ತೆಗೆದರೆ ಆಟಿಕೆ ಬರೀ ಆಟಿಕೆ.

‘ಇಂಟರ್‌ನ್ಯಾಷನಲ್’ ಕೂಡ ಹೀಗೆಯೇ. ನಿಕರಾಗುವದ ಒಬ್ಬ ಹುಡುಗಿಯ ಮೇಲೆ ನಡೆದ ಕ್ರೌರ್ಯದ ರೇಡಿಯೋ ವರದಿಯಿಂದ ಅದು ತೆರೆದುಕೊಳ್ಳುತ್ತದೆ. ಆಮೇಲೆ ಬರುವ ನಿಧಾನಗತಿಯ ಹಾಡು ಆ ಸುದ್ದಿಗೆ ವ್ಯಾಖ್ಯಾನ ಬರೆಯಲು ಹೋಗುವುದಿಲ್ಲ, ಅದರ ಭಾರ ಹೊತ್ತುಕೊಂಡು ನಡೆಯುತ್ತದೆ. ಪಾಪ್ ಸಂಗೀತದಲ್ಲಿ ದೂರದ ದೇಶದ ನೋವು ಘೋಷಣೆಯಾಗುವುದೇ ಹೆಚ್ಚು. ಇಲ್ಲಿ ಅದು ಮೈಲಿಗಟ್ಟಲೆ ಆಚೆಯಿಂದ ಕೇಳಿ ಏನೂ ಮಾಡಲಾಗದವನ ಸಂಕಟವಾಗಿ ಉಳಿದಿದೆ.

ಆದರೆ ‘ಎಬಿಸಿ ಆಟೋ-ಇಂಡಸ್ಟ್ರಿ’, ‘ದಿಸ್ ಈಸ್ ಹೆಲೆನಾ’ಗಳಲ್ಲಿ ಪಟ್ಟೆಯಿದೆ, ಹಡಗಿಲ್ಲ. ಮೊದಲನೆಯದರಲ್ಲಿ ದನಿಗಳು ಅಕ್ಷರ, ಅಂಕಿ ಒಪ್ಪಿಸುತ್ತವೆ. ಮೊದಲ ಸಲ ನಗು, ಎರಡನೆಯ ಸಲ ಕುತೂಹಲ, ಮೂರನೆಯ ಸಲಕ್ಕೆ ಕೈ ಮುಂದಿನ ಹಾಡಿಗೆ ಹೋಗುತ್ತದೆ. ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡ ಓಎಂಡಿಯ ಮಾನಸ ಗುರು. ಹೆದ್ದಾರಿ, ರೈಲು, ರೇಡಿಯೋಗಳನ್ನು ಹಾಡಾಗಿಸುವಾಗ ಆ ಗುರುಗಳು ರಾಗವನ್ನು ಕೈಬಿಡುತ್ತಿರಲಿಲ್ಲ. ಶಿಷ್ಯರು ಇಲ್ಲಿ ಅಷ್ಟನ್ನು ಮರೆತಿದ್ದಾರೆ.

ಇನ್ನೊಂದು ಸಂಗತಿಯನ್ನು ಅಭಿಮಾನಿಗಳು ಮೆಲ್ಲಗೆ ದಾಟಿಸಿಬಿಡುತ್ತಾರೆ. ಆಲ್ಬಮ್ಮಿನ ಅತ್ಯಂತ ಚೆಲುವಾದ ಎರಡು ಹಾಡುಗಳು, ‘ದ ರೊಮ್ಯಾನ್ಸ್ ಆಫ್ ದ ಟೆಲಿಸ್ಕೋಪ್’ ಮತ್ತು ‘ಆಫ್ ಆಲ್ ದ ಥಿಂಗ್ಸ್ ವೀವ್ ಮೇಡ್’, ಹಿಂದಿನ ಆಲ್ಬಮ್ಮಿನ ಸಿಂಗಲ್‌ ರೆಕಾರ್ಡ್‌ಗಳ ಹಿಂಬದಿಯಲ್ಲಿ ಆಗಲೇ ಬಂದಿದ್ದವು. ‘ರೇಡಿಯೋ ವೇವ್ಸ್’ ಓಎಂಡಿ ಹುಟ್ಟುವ ಮುಂಚಿನ ತಂಡದ ಕಾಲದ್ದು. ಹಳೆಯ ಸರಕು ಬಳಸಬಾರದೆಂದೇನಿಲ್ಲ. ಹನ್ನೆರಡರಲ್ಲಿ ಮೂರು ಹಳೆಯವು, ನಾಲ್ಕೈದು ಬರೀ ಸದ್ದಿನ ಜೋಡಣೆ ಎಂದಾದರೆ ಹೊಸ ಹಾಡು ಎಷ್ಟು ಉಳಿಯಿತೆಂದು ಎಣಿಸಿಕೊಳ್ಳಬಹುದು. ಧೈರ್ಯವೆಂದು ಹೊಗಳಿಸಿಕೊಂಡದ್ದರಲ್ಲಿ ಒಂದು ಪಾಲು ಅಭಾವವೂ ಇತ್ತು.

ಹಾಗಿದ್ದೂ ಕೊನೆಯ ನಾಲ್ಕೈದು ನಿಮಿಷಕ್ಕೆ ತಲೆಬಾಗಲೇಬೇಕು. ‘ಟೈಮ್ ಜೋನ್ಸ್’ನಲ್ಲಿ ದೇಶದೇಶದ ಫೋನ್ ಗಡಿಯಾರಗಳು ತಮ್ಮ ತಮ್ಮ ಭಾಷೆಯಲ್ಲಿ ಹೊತ್ತು ಹೇಳುತ್ತ ಒಂದರ ಮೇಲೊಂದು ಬೀಳುತ್ತವೆ. ಅಷ್ಟು ದನಿಗಳಿದ್ದರೂ ಅಲ್ಲಿ ಯಾರೂ ಯಾರೊಂದಿಗೂ ಮಾತಾಡುತ್ತಿಲ್ಲ. ಅದರ ಬೆನ್ನಿಗೇ, ನಾವು ಮಾಡಿದ್ದೆಲ್ಲ ಕೊನೆಗೆ ಏನಾಯಿತು ಎಂದು ಕೇಳುವಂತೆ, ಮೆಲುದನಿಯ ಹಳೆಯ ಹಾಡು ಬರುತ್ತದೆ. ಈ ಜಾಗದಲ್ಲಿ ಅದು ಹೊಸದಾಗಿದೆ. ಸದ್ದು ಮತ್ತು ಹಾಡನ್ನು ಹೀಗೆ ಒಂದರ ಪಕ್ಕ ಒಂದಿಡುವ ಜಾಣ್ಮೆ ಆಲ್ಬಮ್ಮಿನುದ್ದಕ್ಕೂ ಇದ್ದಿದ್ದರೆ ಮೇರುಕೃತಿ ಎಂಬ ಮಾತನ್ನು ನಾನೂ ಒಪ್ಪುತ್ತಿದ್ದೆ.

ಪೆಟ್ಟು ತಿಂದ ತಂಡ 1984ರ ‘ಜಂಕ್ ಕಲ್ಚರ್’ನಲ್ಲಿ ಕುಣಿಸುವ ಪಾಪ್‌ನತ್ತ ಹೊರಳಿತು. 1986ರಲ್ಲಿ ‘ಪ್ರಿಟಿ ಇನ್ ಪಿಂಕ್’ ಸಿನಿಮಾಕ್ಕೆ ಮಾಡಿದ ‘ಇಫ್ ಯು ಲೀವ್’ ಅಮೆರಿಕದಲ್ಲಿ ನಾಲ್ಕನೇ ಸ್ಥಾನಕ್ಕೇರಿತು. ಜನ ಸದ್ದನ್ನು ತಿರಸ್ಕರಿಸಿದರೆಂದು ಅವರು ತಿಳಿದರು, ಹಾಡು ಸಾಲದಾಯಿತೆಂದು ತಿಳಿಯಲಿಲ್ಲ. ತಪ್ಪು ಪಾಠ ಕಲಿತದ್ದೇ ‘ಡ್ಯಾಜಲ್ ಶಿಪ್ಸ್’ನ ಸೋಲಿಗಿಂತ ದೊಡ್ಡ ನಷ್ಟ. ಅರ್ಧ ಆಲ್ಬಮ್ ಅಪ್ಪಟ, ಕಾಲು ಭಾಗ ಹಳತು, ಉಳಿದ ಕಾಲು ಬರೀ ಹುರುಪು: ಇದು ನನ್ನ ಲೆಕ್ಕ. ಕೇಳುವವರು ಬಿಡಿ ಹಾಡುಗಳನ್ನು ಆರಿಸಿಕೊಳ್ಳದೆ ಮೊದಲಿಂದ ಕೊನೆಯವರೆಗೆ ಒಂದೇ ಪಟ್ಟಿಗೆ ಕೇಳಿ. ಇದರ ಗುಣವೂ ದೋಷವೂ ತಿಳಿಯುವುದು ಹಾಗೆ ಕೇಳಿದಾಗಲೇ.