ಕಬ್ಬಿನ ಟ್ರೈಲರಿಗೆ ಬ್ರೇಕ್ ಎಲ್ಲಿದೆ?

ನಂಜನಗೂಡು, ತಿ. ನರಸೀಪುರ ಸೀಮೆಯಲ್ಲಿ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಡ್ರೈವರುಗಳ ಕೈಚಳಕ ದೊಡ್ಡದು. ನಾಲೆ ಬದಿಯ ಕೆಸರು ಗದ್ದೆಯಿಂದ ತುಂಬಿದ ಟ್ರೈಲರನ್ನು ಏರಿಯ ಮೇಲಕ್ಕೆ ಹತ್ತಿಸುವುದನ್ನು ನೋಡಿದವರಿಗೆ ಅದು ಗೊತ್ತು. ಸಾಮಾನ್ಯ ಟ್ರ್ಯಾಕ್ಟರಿಗೆ ಲೋದಲ್ಲಿ ನಾಲ್ಕು, ಹೈನಲ್ಲಿ ನಾಲ್ಕು, ಒಟ್ಟು 8 ಮುಂದಿನ ಗೇರು. ಏರು ಶುರುವಾಗುವ ಮೊದಲೇ ತಕ್ಕ ಲೋ ಗೇರು ಹಾಕಿಕೊಂಡಿರಬೇಕು. ನಡುವೆ ಕ್ಲಚ್ ಒತ್ತಿದರೆ ಹಿಂದಿನ ಭಾರ ಗಾಡಿಯನ್ನು ಜಗ್ಗುತ್ತದೆ; ಅರ್ಧ ಕ್ಲಚ್‌ನಲ್ಲೇ ಒದ್ದಾಡಿದರೆ ಪ್ಲೇಟು ಸುಡುತ್ತದೆ. ಎರಡು ಚಕ್ರದ ಟ್ರೈಲರಾದರೆ ಅದರ ಭಾರ ಕೊಂಡಿಯ ಮೇಲೂ ಬಿದ್ದು ಟ್ರ್ಯಾಕ್ಟರಿನ ಮುಂದಿನ ಚಕ್ರ ಹಗುರಾಗುತ್ತದೆ, ಸ್ಟೀರಿಂಗ್ ತಿರುಗಿಸಿದರೂ ಗಾಡಿ ಮಾತು ಕೇಳುವುದಿಲ್ಲ. ಇಷ್ಟನ್ನೂ ಇಂಜಿನ್ನಿನ ದನಿಯಲ್ಲೇ ಅಳೆಯಬಲ್ಲ ಡ್ರೈವರುಗಳನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಈ ಪದ್ಧತಿಯ ದೋಷವಿರುವುದು ಇಳಿಜಾರಿನಲ್ಲಿ. ಟ್ರ್ಯಾಕ್ಟರಿನ ತೂಕ ಎರಡು ಟನ್ ಆಸುಪಾಸು, ಬ್ರೇಕ್ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಹಿಂದೆ ಬರುವ ಕಬ್ಬು ಅದರ ಹಲವು ಪಟ್ಟು. ಎಷ್ಟೋ ಟ್ರೈಲರುಗಳಿಗೆ ಸ್ವಂತ ಬ್ರೇಕೇ ಇಲ್ಲ. ಹಾಗಾಗಿ ಏರುವಾಗ ಎಳೆಯುವ ಗೇರೇ ಇಳಿಯುವಾಗ ತಡೆಯಲೂಬೇಕು. ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ನಿಯಮ ಹುಟ್ಟಿದ್ದು ಇದಕ್ಕೇ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಬಿಡುವವರು ಆ ಒಂದೇ ಆಸರೆಯನ್ನೂ ಕಳಚಿಬಿಡುತ್ತಾರೆ. ವೇಗ ಏರಿದ ಮೇಲೆ ಮತ್ತೆ ಗೇರು ಕೂರುವುದು ಕಷ್ಟ. ಎಡ ಬಲ ಬ್ರೇಕ್ ಪೆಡಲುಗಳನ್ನು ಜೋಡಿಸುವ ಕೊಕ್ಕೆಯನ್ನು ಉಳುಮೆಗೆಂದು ಬಿಚ್ಚಿದವರು ರಸ್ತೆಗಿಳಿಯುವಾಗ ಹಾಕಲು ಮರೆತರಂತೂ ಒಂದು ಚಕ್ರ ಹಿಡಿದು, ಟ್ರೈಲರ್ ಹಿಂದಿನಿಂದ ತಳ್ಳಿ, ಗಾಡಿ ಅಡ್ಡ ಮಲಗುತ್ತದೆ. ಎರಡು ಟ್ರೈಲರ್ ಕಟ್ಟಿದ್ದರೆ ಈ ಅಪಾಯ ಇನ್ನೂ ಹೆಚ್ಚು.

ಡ್ರೈವರನ್ನು ಬೈದು ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಕಡಿದ ಕಬ್ಬು ದಿನ ಕಳೆದಂತೆ ತೂಕವನ್ನೂ ಸಕ್ಕರೆಯನ್ನೂ ಕಳೆದುಕೊಳ್ಳುತ್ತದೆ, ರೈತನಿಗೆ ಅವಸರ. ಸಾಗಣೆ ಕೂಲಿ ಟನ್ನಿನ ಲೆಕ್ಕದಲ್ಲಿ ಸಿಗುವಾಗ ಕಡಿಮೆ ತುಂಬಿದವನಿಗೆ ನಷ್ಟ. ಇಷ್ಟು ಒತ್ತಡದಲ್ಲಿ ಅವನು ಇಳಿಯುವ ರಸ್ತೆಯಾದರೂ ಎಂಥದ್ದು! ನಂಜನಗೂಡು, ಮೈಸೂರು, ತಿ. ನರಸೀಪುರಗಳನ್ನು ಪೋಣಿಸುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ಕೇರಳದ ಬಸ್ಸು, ಕಾರು, ನಂಜುಂಡೇಶ್ವರನ ಭಕ್ತರ ವಾಹನ ಎಲ್ಲವೂ ಓಡುತ್ತವೆ. ಕತ್ತಲಲ್ಲಿ ಟ್ರೈಲರಿನ ಹಿಂದೆ ಕಬ್ಬಿನ ಸೋಗೆ ಕೆಂಪು ರಿಫ್ಲೆಕ್ಟರನ್ನು ಮುಚ್ಚಿಬಿಟ್ಟರೆ ಬೈಕಿನವನಿಗೆ ಮುಂದೇನಿದೆ ಎಂಬುದೇ ಕಾಣದು.

ಟ್ರ್ಯಾಕ್ಟರಿನ ಹೈಡ್ರಾಲಿಕ್ಕಿಗೆ ಜೋಡಿಸಬಹುದಾದ ಟ್ರೈಲರ್ ಬ್ರೇಕುಗಳಿವೆ. ಹೊಸದಾಗಿ ಕಂಡುಹಿಡಿಯಬೇಕಾದ್ದು ಏನೂ ಇಲ್ಲ. ಅಳಗಂಚಿಯ ಸಕ್ಕರೆ ಕಾರ್ಖಾನೆಯೇ ಇರಲಿ, ಬೇರೆ ಯಾವುದೇ ಇರಲಿ, ಪ್ರತಿ ಲೋಡೂ ವೇಬ್ರಿಡ್ಜ್ ಮೇಲೆ ನಿಲ್ಲಲೇಬೇಕು. ತೂಕ ಬರೆದುಕೊಳ್ಳುವ ಹೊತ್ತಿನಲ್ಲೇ ಬ್ರೇಕು, ಕೊಂಡಿಯ ಪಿನ್ನು, ಹಿಂದಿನ ರಿಫ್ಲೆಕ್ಟರು ಇವಿಷ್ಟನ್ನು ನೋಡಬಹುದು. ಬ್ರೇಕಿರುವ ಟ್ರೈಲರಿಗೆ ಟನ್ನಿಗೆ ಒಂದಿಷ್ಟು ಹೆಚ್ಚು ಬಾಡಿಗೆ ಕೊಟ್ಟರೆ ಮಾಲೀಕರು ತಾವಾಗಿಯೇ ಹಾಕಿಸುತ್ತಾರೆ.